450ರ ಕೋಳಿಗೆ 1,340ರ ಔಷಧ

ಎಷ್ಟು ಖರ್ಚಾತು, ಎಷ್ಟು ಖರ್ಚಾತು ಅಂತ ಹ್ವಾದ ಹದಿನೈದು ದಿನದಾಗ ಇಪ್ಪತ್ತು ಮಂದಿ ಕೇಳ್ಯಾರ. ನಮ್ಮವ್ವ ಫೋನಿನ್ಯಾಗ ಕೇಳಿದ್ಲು, ನೆಗೆಣ್ಣಿ ಮದವಿ ಮನ್ಯಾಗ ಕೇಳಿದ್ಲು, ಹಾಲಿನ ಡೇರಿ ಮುಂದ ಕ್ಯಾನ್ ಹಿಡದು ನಿಂತವರು ಸುದ್ದಾ ಕೇಳಿದ್ರು. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯಾಕತ್ತೈತಿ, ಅದಕ್ಕ ಇಲ್ಲೇ ಬರದುಬಿಡ್ತೀನಿ. ಆಟೋ ಹೋಗಿ ಬರಾಕ 240, ಡಾಕ್ಟರ್ ಫೀ 300, ಹೊಲಿಗಿ ಮತ್ತ ಇಂಜೆಕ್ಷನ್ನಿಗೆ 450, ಮನಿಗೆ ತಂದ ಔಷಧಕ್ಕ 350. ಒಟ್ಟ 1,340 ರೂಪಾಯಿ. ಕೋಳಿ ಜವಾರಿ ಹೇಂಟಿ, ಹೆಸರು ಚುಕ್ಕಿ, ವಯಸ್ಸು ನಾಕು ವರ್ಷ. ನಮ್ಮ ಸಂತ್ಯಾಗ ಮಾರಿದ್ರ 450 ಬಂದೀತು. ಅದೂ ಮೈಮ್ಯಾಲ ಗಾಯ ಇಲ್ಲದಿದ್ರ.

ನಗೋರು ಈಗ ನಕ್ಕುಬಿಡ್ರಿ, ಆಮ್ಯಾಲ ಮುಂದ ಓದ್ರಿ. ನಮ್ಮ ಮನಿಯವರೂ ನಕ್ರು. "ಇಷ್ಟ ರೊಕ್ಕದಾಗ ಮೂರು ಕೋಳಿ ಬರ್ತಿದ್ವಲ್ಲ" ಅಂದ್ರು. ಖರೆ, ಬರ್ತಿದ್ವು. ಹತ್ತು ರೂಪಾಯಿ ಕಡಿಮಿ ಬೀಳ್ತಿತ್ತು, ಅಷ್ಟು ಚೌಕಾಸಿ ನಾನ ಮಾಡ್ತಿದ್ದೆ. ಆದ್ರ ಹ್ವಾದ ವರ್ಷ ನಮ್ಮ ಆಕಳಿಗೆ ಕೆಚ್ಚಲ ಬಾವು ಬಂದಾಗ ಡಾಕ್ಟ್ರು ನಾಕು ಸಲ ಬಂದು ಹ್ವಾದ್ರು, ಆವಾಗ ಈ ಮನ್ಯಾಗ ಯಾರೂ ಹಿಂಗ ಗುಣಾಕಾರ ಮಾಡಲಿಲ್ಲ. ಆಕಳ ಹಾಲು ಡೇರಿಗೆ ಹೋಗ್ತೈತಿ, ಡೇರಿ ರೊಕ್ಕ ಅವರ ಬ್ಯಾಂಕಿನ ಖಾತೆಗೆ ಬರ್ತೈತಿ. ಕೋಳಿ ತತ್ತಿ ರೊಕ್ಕ ನನ್ನ ಅಡಗಿಮನಿ ಡಬ್ಬಿಗೆ ಬೀಳ್ತೈತಿ. ಡಬ್ಬಿ ರೊಕ್ಕ ಅಂದ್ರ ಮನಿ ಮಂದಿಗೆ ಅದು ರೊಕ್ಕನ ಅಲ್ಲ. ಮಗಳ ಪಾಟಿಚೀಲ, ಅತ್ತಿಯವರ ಕಣ್ಣಿಗೆ ಹಾಕೋ ಹನಿ, ಪಂಚಮಿ ಉಂಡಿಗೆ ಬೆಲ್ಲ, ಶೇಂಗಾ ಎಲ್ಲಾ ಆ ರೊಕ್ಕ ಅಲ್ಲದ ರೊಕ್ಕದಾಗನ ಬಂದಾವ. ನೀವೂ ನಿಮ್ಮ ನಿಮ್ಮ ಡಬ್ಬಿ ನೆನಸ್ಕೊಳ್ರಿ.

ಆದದ್ದು ಆಷಾಢದ ಒಂದು ಆಯ್ತವಾರ. ಮೂರು ದಿನ ಜಡಿಮಳಿ ಹಿಡದು, ಅವತ್ತ ಮಧ್ಯಾಹ್ನ ಜರಾ ಬಿಸಲ ಬಿದ್ದಿತ್ತು. ಆರೂ ಕೋಳಿ ಹಿತ್ತಲದಾಗ ಕೆದರಿಕೊಂತ ಇದ್ವು. ನಾ ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದೆ. ಕೋಳಿ ಕೂಗಿನ್ಯಾಗ ಎಷ್ಟು ಥರ ಅದಾವ ಅನ್ನೋದು ಸಾಕಿದವರಿಗೆ ಗೊತ್ತು. ತತ್ತಿ ಇಟ್ಟಾಗ ಒಂದು ಥರ, ಮ್ಯಾಲ ಹದ್ದು ಸುತ್ತಾಗ ಒಂದು ಥರ. ಅವತ್ತ ಕೇಳಿದ್ದು ಎರಡೂ ಅಲ್ಲ. ಹೊರಗ ಓಡಿ ಬಂದ್ರ ಪಕ್ಕದ ಖಾಲಿ ಜಾಗದ ಗ್ವಾಡಿ ಮಳಿಗೆ ಕುಸದು, ಅಲ್ಲಿಂದ ಒಂದು ಬೀದಿನಾಯಿ ಒಳಗ ಬಂದು ಚುಕ್ಕೀನ್ನ ಬಾಯಾಗ ಹಿಡದಿತ್ತು. ಒಲಿ ಕಟ್ಟಿಗಿ ಕೈಯಾಗ ಇತ್ತು, ಅದನ್ನ ಒಗದೆ. ನಾಯಿ ಕೋಳಿ ಬಿಟ್ಟು ಓಡ್ತು.

ಬೆನ್ನ ಮ್ಯಾಲಿನ ತೊಗಲು ನನ್ನ ಅಂಗೈಯಷ್ಟು ಕಿತ್ತು ಒಂದು ಕಡೆ ಜೋತಾಡ್ತಿತ್ತು. ರೆಕ್ಕಿ ಬುಡಕ ಎರಡು ಹಲ್ಲಿನ ತೂತು. ಕೋಳಿ ತೊಗಲು ನಮ್ಮ ತೊಗಲಿನಂಗ ಅಲ್ಲ, ಹಳೇ ಪತ್ತಲದಂಗ ಭಾಳ ತೆಳು, ಎಳದ್ರ ಪರ್ ಅಂತ ಹರೀತೈತಿ. ನೋಡಾಕ ಭಯಂಕರ ಕಾಣ್ತೈತಿ. ಆದ್ರ ಕೆಳಗಿನ ಮಾಂಸಕ್ಕ ಪೆಟ್ಟು ಬಿದ್ದಿರಲಿಲ್ಲ, ರಕ್ತನೂ ಅಂಥಾಪರಿ ಹರೀತಿರಲಿಲ್ಲ. ನೋಡಿದ ಕೂಡ್ಲೆ "ಹೋತು ಬಿಡ" ಅನ್ನೋ ಗಾಯ ಎಲ್ಲಾ ಹೋಗೋ ಗಾಯ ಆಗಿರೂದಿಲ್ಲ. ಕೋಳಿ ಭಾಳ ಗಟ್ಟಿ ಜೀವ.

ಮೊದಲ ಏನ ಮಾಡಬೇಕು ಅನ್ನೋದನ್ನ ಜರಾ ನೆನಪಿಟ್ಕೊಳ್ರಿ, ನಿಮ್ಮನ್ಯಾಗೂ ಕೋಳಿ ಅದಾವ. ಪೆಟ್ಟಾದ ಕೋಳಿನ್ನ ಉಳಿದ ಕೋಳಿ ಸನೇಕ ಒಂದು ನಿಮಿಷನೂ ಬಿಡಬ್ಯಾಡ್ರಿ. ಕೆಂಪು ಕಂಡ್ರ ಅಕ್ಕತಂಗೇರ ಬಂದು ಕುಕ್ಕಾಕ ಸುರು ಮಾಡ್ತಾರ. ನಾಯಿ ಕಡದದ್ದಕ್ಕಿಂತ ಅವು ಕುಕ್ಕಿದ್ದ ಹೆಚ್ಚಾಕ್ಕೈತಿ. ಒಂದು ರಟ್ಟಿನ ಡಬ್ಬಿ ತೂತು ಮಾಡಿ, ತಳಕ್ಕ ಹಳೇ ಅರವಿ ಹಾಸಿ, ಕತ್ತಲಿ ಮಾಡಿ, ಬೆಚ್ಚಗ ಇಡ್ರಿ. ಕುತಗಿ ಜೋಲು ಬಿಟ್ಟು ತೇಕಾಕತ್ತಿದ್ರ ಬಾಯಿಗೆ ನೀರು ಸುರುವಬ್ಯಾಡ್ರಿ. ಕೋಳಿಗೆ ಉಸಿರಾಡೋ ತೂತು ನಾಲಿಗಿ ಬುಡದಾಗನ ಇರ್ತೈತಿ, ನೀರು ಸೀದಾ ಅಲ್ಲಿಗೆ ಇಳೀತೈತಿ. ಹತ್ತು ಹದಿನೈದು ನಿಮಿಷಕ್ಕ ಚುಕ್ಕಿ ತಲಿ ಎತ್ತಿತು. ಆವಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ, ಅದರಿಂದ ಗಾಯ ತೊಳದೆ. ಎದುರುಮನಿ ಅಕ್ಕ ಬೂದಿ ತಂದ್ಲು, ಹಿಂದಿನ ಮನಿ ವೈನಿ ಸೀಮೆಎಣ್ಣಿ ಹಚ್ಚು ಅಂದ್ರು. ಇಬ್ಬರದೂ ಒಳ್ಳೆ ಮನಸ. ಆದ್ರ ಸುಟ್ಟ ಗಾಯಕ್ಕ ಸೀಮೆಎಣ್ಣಿ ಹಚ್ಚಿಸ್ಕೊಂಡು ನೋಡಿದವರು ಯಾರೂ ಕೋಳಿಗೆ ಅದನ್ನ ಹಚ್ಚೂದಿಲ್ಲ.

ಅತ್ತಿಯವರು "ಲಗೂ ಕೊಯ್ದುಬಿಡ್ರಿ" ಅಂತಾರ ಅಂತ ಎಲ್ಲಾರೂ ತಿಳ್ಕೊಂಡಿದ್ವಿ. ಅವರ ಕಾಲದಾಗ ಪೆಟ್ಟಾದ ಕೋಳಿ ಅಂದ್ರ ಅವತ್ತಿನ ಸಾರು. ಅವರು ಏನೂ ಅನ್ನಲಿಲ್ಲ. ಒಳಗ ಹೋಗಿ ತಮ್ಮ ಹಳೇ ಇಳಕಲ್ ಸೀರಿ ಹರಕು ತಂದು ಡಬ್ಬಿ ಒಳಗ ಹಾಸಿದ್ರು. ಆಮ್ಯಾಲ ಹಂಗ ಕುಂತು ಒಂದು ಕತಿ ಹೇಳಿದ್ರು. ಹನ್ನೆರಡು ವರ್ಷ ಈ ಮನ್ಯಾಗ ಇದ್ದೀನಿ, ಆ ಕತಿ ಅವತ್ತ ಮೊದಲ ಸಲ ಕೇಳಿದ್ದು.

ಅವರ ತವರುಮನಿ ನವಲಗುಂದದ ಕಡೆ, ಎರಿ ಹೊಲದ ಊರು. ಬಿತ್ತಿಗಿ ದಿನ. ಔಷಧ ಹಚ್ಚಿದ ಬೀಜದ ಜ್ವಾಳ ಅಂಗಳದಾಗ ಚೆಲ್ಲಿತ್ತು, ಅವರವ್ವನ ಕೋಳಿ ಅದನ್ನ ತಿಂದುಬಿಟ್ಟಿತ್ತು. ಕೊಳ್ಳ ಕೆಳಗ ಕಾಳಿನ ಚೀಲ ಇರ್ತೈತಲ್ಲ, ತಿಂದದ್ದು ಮೊದಲ ಅಲ್ಲಿ ಕೂಡ್ತೈತಿ, ಆಮ್ಯಾಲ ಹೊಟ್ಟಿಗೆ ಇಳೀತೈತಿ. ಅವರವ್ವ ಕೋಳಿನ್ನ ಎರಡು ಮೊಣಕಾಲ ನಡುವ ಹಿಡದು, ಆ ಚೀಲ ಬ್ಲೇಡಿನಿಂದ ಸೀಳಿ, ಜ್ವಾಳ ಎಲ್ಲಾ ಹೊರಗ ತಗದು, ತೊಳದು, ಕೌದಿ ಹೊಲಿಯೋ ಸೂಜಿ ದಾರದಾಗ ಹೊಲದುಬಿಟ್ಟಳಂತ. ಮೊದಲ ಒಳಗಿನ ಪದರ, ಆಮ್ಯಾಲ ಮ್ಯಾಲಿನ ತೊಗಲು. ಕೋಳಿ ಮುಂದ ಎರಡು ವರ್ಷ ಮರಿ ಮಾಡ್ತಂತ. "ನಮ್ಮವ್ವಗ ಅವತ್ತ ಯಾರೂ ಎಷ್ಟು ಖರ್ಚಾತು ಅಂತ ಕೇಳಲಿಲ್ಲ. ಸೂಜಿಗೇನ ಖರ್ಚ ಬರ್ತೈತಿ" ಅಂದ್ರು. ಹಂಗ ಅಂದು ಮಗನ ಮಾರಿ ನೋಡಿದ್ರು. ಮಗ ಆಟೋಕ್ಕ ಫೋನ್ ಹಚ್ಚಿದ್ರು.

(ಇದನ್ನ ಓದಿ ಯಾರೂ ಬ್ಲೇಡ್ ಹಿಡೀಬ್ಯಾಡ್ರಿ ಮತ್ತ. ಆಗಿನ ಮಂದಿಗೆ ಬ್ಯಾರೆ ದಾರಿ ಇರಲಿಲ್ಲ, ನಮಗೈತಿ. ಕೋಳಿಗೂ ನೋವಾಗ್ತೈತಿ.)

ಆಯ್ತವಾರ ಸರಕಾರಿ ದವಾಖಾನಿ ಬಾಗಲ ಹಾಕಿತ್ತು. ಧಾರವಾಡದಾಗ ಒಂದು ಖಾಸಗಿ ಕ್ಲಿನಿಕ್ಕಿಗೆ ಹ್ವಾದ್ವಿ. ಅಲ್ಲೆ ಎ.ಸಿ. ಐತಿ, ಗಾಜಿನ ಬಾಗಲ ಐತಿ, ಮಡಿಲಾಗ ಬಿಳೀ ನಾಯಿ ಇಟ್ಕೊಂಡ ಮಂದಿ ಕುಂತಾರ. ನನ್ನ ಕೈಯಾಗ ಬಿಸ್ಕೀಟಿನ ರಟ್ಟಿನ ಡಬ್ಬಿ, ಒಳಗಿಂದ ಕೊಕ್ ಅಂತ ಸಪ್ಪಳ. ಎದುರಿಗೆ ಕುಂತ ಹುಡುಗಿ ಡಬ್ಬಿ ನೋಡಿ, "ನಾವು ನಾಯಿ, ಬೆಕ್ಕು ಅಷ್ಟ ನೋಡ್ತೀವ್ರಿ" ಅಂದ್ಲು. ಹಿಂದ ಯಾರೋ ಮೆಲ್ಲಕ ನಕ್ಕರು. ಸಿಟ್ಟು ಬಂತು, ಆದ್ರ ಆಕಿ ಮ್ಯಾಲ ಅಲ್ಲ. ನಾಯಿ ಕಡಿಸ್ಕೊಂಡ ಕೋಳಿಗೆ ಇಲ್ಲ, ಕಡದ ನಾಯಿ ಬಂದ್ರ ಅದಕ್ಕ ಐತಿ ಅನ್ನೋ ಆ ಬೋರ್ಡಿನ ಮ್ಯಾಲ.

ಆಟೋದವನ ಹೇಳಿದ, ಸರಕಾರಿ ನೌಕರಿಯಿಂದ ರಿಟೈರ್ ಆದ ಒಬ್ಬ ಡಾಕ್ಟ್ರು ಮನ್ಯಾಗನ ನೋಡ್ತಾರ ಅಂತ. ಅವರು ಊಟ ಮಾಡಿ ಮಲಗಿದ್ದವರು ಎದ್ದು ಬಂದ್ರು. ಡಬ್ಬಿ ತಗದು ನೋಡಿ ನಗಲಿಲ್ಲ. ಅದ ದೊಡ್ಡದು. ಅಡಗಿಮನಿ ತಕ್ಕಡಿ ತರಿಸಿ ತೂಕ ಮಾಡಿದ್ರು, 1 ಕೆ.ಜಿ. 400 ಗ್ರಾಂ. ಕೋಳಿಗೆ ಔಷಧ ತೂಕ ನೋಡೇ ಕೊಡಬೇಕಂತ, ಸ್ವಲ್ಪ ಹೆಚ್ಚು ಆದ್ರ ತಡಿಯೂದಿಲ್ಲಂತ. ಜೋತಾಡೋ ತೊಗಲು ಎಳದು ಐದು ಹೊಲಿಗಿ ಹಾಕಿದ್ರು. ಹಲ್ಲಿನ ಎರಡು ತೂತು ಮಾತ್ರ ಹೊಲಿಯಲಿಲ್ಲ. ಯಾಕ್ರೀ ಅಂದೆ. ನಾಯಿ ಹಲ್ಲಿನ ಹೊಲಸು ಒಳಗ ಆಳಕ್ಕ ಹೋಗಿರ್ತೈತಿ, ಮ್ಯಾಲ ಮುಚ್ಚಿದ್ರ ಒಳಗ ಕೀವಾಗ್ತೈತಿ, ತೂತು ತೆರದಿದ್ರ ಹೊರಗ ಹರದು ಹೋಗ್ತೈತಿ ಅಂದ್ರು.

ಹೊಲಿಗಿ ಹಾಕ್ಕೊಂತ ಅವರು ಒಂದು ಮಾತು ಹೇಳಿದ್ರು, ಅದು ನನ್ನ ತಲ್ಯಾಗ ಇನ್ನೂ ಕುಂತೈತಿ. "ಅವ್ವಾ, ನಮಗ ಕೋಳಿ ಬಗ್ಗೆ ಕಲಿಸಿದ್ದೆಲ್ಲಾ ಫಾರಮ್ಮಿನ ಲೆಕ್ಕದಾಗ. ಹತ್ತು ಸಾವಿರ ಕೋಳಿ ಇರ್ತಾವ, ಹತ್ತು ಜಡ್ಡು ಬಿದ್ರ ಒಂದನ್ನ ಕೊಯ್ದು ಒಳಗ ಏನಾಗೈತಿ ನೋಡ್ತೀವಿ, ಉಳಿದಾವಕ್ಕ ನೀರಿನ್ಯಾಗ ಔಷಧ ಹಾಕ್ತೀವಿ. ಒಂದ ಕೋಳಿ ಹಿಡ್ಕೊಂಡು ಇದನ್ನ ಉಳಸ್ರಿ ಅಂತ ಬರೋರು ಹೆಣ್ಮಕ್ಕಳ." ಮೊದಲ ಕ್ಲಿನಿಕ್ಕಿನ ಮ್ಯಾಲಿನ ಸಿಟ್ಟು ಆವಾಗ ಜರಾ ಇಳೀತು. ನಾಯಿ, ಬೆಕ್ಕಿಗೆ ಹೆಸರಿರ್ತೈತಿ, ಕೋಳಿಗೆ ಎಣಿಕಿ ಇರ್ತೈತಿ. ನಮ್ಮ ಹಿತ್ತಲದಾಗ ಮಾತ್ರ ಅದು ಚುಕ್ಕಿ.

ನೋವಿಗೆ ಮನ್ಯಾಗ ಇದ್ದ ಗುಳಗಿ ಪುಡಿ ಮಾಡಿ ಕೊಡಲೇನ್ರೀ ಅಂತ ಕೇಳಿದ್ದಕ್ಕ ಡಾಕ್ಟ್ರು ಕೈ ಮುಗದ್ರು. ಮಂದಿ ನೋವಿನ ಗುಳಗಿ ಹಕ್ಕಿ ಜಾತಿಗೆ ಕೊಡೂದಲ್ಲ, ಅದರ ಮೂತ್ರಪಿಂಡ ಹೋಗ್ತೈತಿ. ರಣಹದ್ದು ಯಾಕ ಕಾಣವಲ್ವು ಹೇಳ್ರಿ? ಸಣ್ಣವರಿದ್ದಾಗ ಊರ ಹೊರಗ ದನ ಸತ್ತ್ರ ಹಿಂಡುಗಟ್ಲೆ ಇಳೀತಿದ್ವು. ದನಕ್ಕ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ ಕೊಡ್ತಿದ್ರು, ಆ ದನ ಸತ್ತ ಮ್ಯಾಲ ತಿಂದ ರಣಹದ್ದೆಲ್ಲಾ ಸತ್ತು ಹ್ವಾದ್ವು. 2006ರಾಗ ಸರಕಾರ ಅದನ್ನ ದನಕರಕ್ಕ ಕೊಡಬಾರದು ಅಂತ ನಿಲ್ಲಿಸ್ತು. ರಾಮನಗರದ ರಾಮದೇವರ ಬೆಟ್ಟದಾಗ ಉಳಿದಾವನ್ನ ಕಾಯಾಕ ಒಂದು ರಣಹದ್ದು ಧಾಮನ ಮಾಡ್ಯಾರ. ಸೊಂಟನೋವು, ಮೊಣಕಾಲನೋವಿಗೆ ಅದ ಔಷಧ ನಮ್ಮ ಎಷ್ಟೋ ಮಂದಿ ಮನಿ ಕಪಾಟಿನ್ಯಾಗ ಇರ್ತೈತಿ. ಅದಕ್ಕ ಇಷ್ಟುದ್ದ ಬರದೆ. ಕೋಳಿಗೆ ಹಕ್ಕಿ ಔಷಧ ಬ್ಯಾರೆ ಐತಿ, ಡಾಕ್ಟ್ರು ಬರಕೊಡ್ತಾರ.

ಆಮ್ಯಾಲಿನ ಹನ್ನೆರಡು ದಿನ ಚುಕ್ಕಿ ಪಡಸಾಲ್ಯಾಗ ಇತ್ತು. ಮನ್ಯಾಗ ಕೋಳಿ ನಾತ ಅಂತ ಬಂದವರು ಮೂಗು ಮುಚ್ಚಿದ್ರು, ಮುಚ್ಚಲಿ ಬಿಡ್ರಿ. ಮಳಿಗಾಲದಾಗ ಗಾಯದ ದೊಡ್ಡ ವೈರಿ ನೊಣ. ಒಂದ ದಿನ ಕಣ್ಣು ತಪ್ಪಿದ್ರ ಸಾಕು, ತತ್ತಿ ಇಟ್ಟು ಹುಳ ಮಾಡ್ತಾವ. ಅದಕ್ಕ ಹುಡುಗನ ಹಳೇ ಸೊಳ್ಳಿಪರದಿ ಡಬ್ಬಿ ಮ್ಯಾಲ ಕಟ್ಟಿದ್ವಿ, ದಿನಾ ಎರಡು ಸಲ ಅರವಿ ಬದಲ ಮಾಡಿದ್ವಿ. ಔಷಧ ಕುಡಿಸೋದು ಮಗಳ ಕೆಲಸ. ಟಾವೆಲಿನ್ಯಾಗ ಕೋಳಿ ಸುತ್ತಿ, ಸೂಜಿ ತಗದ ಸಿರಿಂಜಿನಿಂದ ಕೊಕ್ಕಿನ ಬದಿಗೆ ಒಂದೊಂದ ಹನಿ. ಹನಿ ನುಂಗಿದ ಮ್ಯಾಲ ಇನ್ನೊಂದು ಹನಿ. ಅವಸರ ಮಾಡೋರಿಗೆ ಅದು ಆಗೂ ಕೆಲಸ ಅಲ್ಲ, ನನ್ನ ಕೈಯಾಗ ಆಗಲಿಲ್ಲ, ಎಂಟು ವರ್ಷದ ಹುಡುಗಿ ಕೈಯಾಗ ಆತು. ತಿನ್ನಾಕ ನುಚ್ಚು ಬ್ಯಾಡ ಅಂತಿತ್ತು, ಮೊಸರನ್ನ ಅಂದ್ರ ಕೊಕ್ಕು ಹಾಕ್ತಿತ್ತು. ಆರನೇ ದಿನ ಪಡಸಾಲ್ಯಾಗ ಇದ್ದ ಜೊಂಡಿಗ್ಯಾ ಹಿಡದು ತಿಂತು. ಅವತ್ತ ನನಗ ಗ್ಯಾರಂಟಿ ಆತು.

ಔಷಧ ನಡದಿದ್ದಾಗ ಕೋಳಿ ತತ್ತಿ ಇಟ್ರ ಅದನ್ನ ತಿನ್ನಬಾರದು, ಮಾರಬಾರದು. ಔಷಧ ಮುಗದ ಮ್ಯಾಲೂ ಡಾಕ್ಟ್ರು ಹೇಳಿದಷ್ಟು ದಿನ ಬಿಡಬೇಕು, ಔಷಧ ತತ್ತಿ ಒಳಗೂ ಇಳದಿರ್ತೈತಿ. ಚುಕ್ಕಿ ಪೆಟ್ಟಿನ ಗಾಬರಿಗೆ ತತ್ತಿ ಇಡೋದನ್ನ ನಿಲ್ಲಿಸಿತ್ತು, ಹಂಗಾಗಿ ಆ ಲುಕ್ಸಾನ ಆಗಲಿಲ್ಲ.

"ಹಂಗಾರ ಎಲ್ಲಾ ಕೋಳಿಗೂ ಹಿಂಗ ರೊಕ್ಕ ಸುರೀತೀಯೇನ" ಅಂತ ನೆಗೆಣ್ಣಿ ಕೇಳಿದ್ಲು. ಇಲ್ಲ. ಜುಟ್ಟಿ ನೆನಪೈತೇನ, ತಲಿ ಮ್ಯಾಲ ಹೂವಿನಂಗ ಜುಟ್ಟು ಇದ್ದ ಬೂದಿ ಬಣ್ಣದ್ದು? ಹ್ವಾದ ದೀಪಾವಳಿ ಹೊತ್ತಿಗೆ ಅದರ ಹೊಟ್ಟಿ ನೀರಿನ ಚೀಲದಂಗ ಉಬ್ಬಿತ್ತು, ನೆಟ್ಟಗ ನಿಂತು ಬಾತುಕೋಳಿಯಂಗ ನಡೀತಿತ್ತು. ಸರಕಾರಿ ಡಾಕ್ಟ್ರು ಮುಟ್ಟಿ ನೋಡಿ, ತತ್ತಿ ಹೊರಗ ಬರೋ ದಾರಿ ಬಿಟ್ಟು ಹೊಟ್ಟಿ ಒಳಗ ಬಿದ್ದು ಕೊಳತೈತಿ ಅಂದ್ರು. ನೀರು ತಗದ್ರ ವಾರ ಹದಿನೈದು ದಿನಕ್ಕ ಮತ್ತ ತುಂಬ್ತೈತಿ. ದೊಡ್ಡ ಊರಾಗ ಆಪರೇಷನ್ ಮಾಡಿದ್ರೂ ಉಳಿಯೋ ಆಸೆ ಕಡಿಮಿ. ಆವಾಗ ನನ್ನ ಡಬ್ಬ್ಯಾಗ 2,000ಕ್ಕಿಂತ ಹೆಚ್ಚು ಇತ್ತು. ಖರ್ಚು ಮಾಡಲಿಲ್ಲ. ನೋವಿಲ್ಲದಂಗ ಕಳಸ್ರಿ ಅಂತ ನಾನ ಹೇಳಿದೆ, ಅವರು ಒಂದು ಇಂಜೆಕ್ಷನ್ ಮಾಡಿದ್ರು, ನನ್ನ ಕೈಯಾಗನ ತಲಿ ಹಾಕ್ತು. ಓಣ್ಯಾಗ ಒಬ್ಬರು "ಅದರ ಬದ್ಲಿ ನಮಗ ಕೊಟ್ಟಿದ್ರ ಅಡಗಿ ಆಕ್ಕಿತ್ತು" ಅಂದ್ರು. ಜಡ್ಡಿನ ಕೋಳಿ, ಔಷಧ ಹೋದ ಕೋಳಿ ಯಾರೂ ತಿನ್ನಬಾರದು. ಕರಿಬೇವಿನ ಗಿಡದ ಬುಡಕ ಹುಗದ್ವಿ. ಎರಡು ಮೊಳ ಆಳದ ತಗ್ಗು ತಗದವರು ಯಾರು ಗೊತ್ತೇನ? ಮೂರು ಕೋಳಿ ಲೆಕ್ಕ ಹೇಳಿದವರ.

ಜುಟ್ಟಿಗೆ ರೊಕ್ಕ ಹಾಕಲಿಲ್ಲ, ಚುಕ್ಕಿಗೆ ಹಾಕಿದೆ. ಸಂತಿ ಬೆಲಿ ಎರಡಕ್ಕೂ ಒಂದ ಇತ್ತು. ನಾ ಡಾಕ್ಟ್ರಿಗೆ ಕೇಳೋದು ಎರಡ ಮಾತು: ಇದು ಮತ್ತ ಮಣ್ಣು ಕೆದರಿ ತಿರಗಾಡ್ತೈತೇನ್ರಿ? ಅಲ್ಲೀತನಕ ಎಷ್ಟು ದಿನ ನೋವು ತಿಂತೈತಿ? ಚುಕ್ಕಿಗೆ ಅವರು "ಹದಿನೈದು ದಿನ, ಆಮ್ಯಾಲ ಮೊದಲಿನಂಗ" ಅಂದಿದ್ರು. ರೊಕ್ಕ ಎಷ್ಟು ಅನ್ನೋದು ಮೂರನೇ ಪ್ರಶ್ನೆ. ಅದು ಪ್ರಶ್ನೆನ ಅಲ್ಲ ಅಂತ ನಾ ಅನ್ನೂದಿಲ್ಲ. ಮನ್ಯಾಗ ಜ್ವರದ ಕೂಸು ಇದ್ದು, ಡಬ್ಬಿ ಖಾಲಿ ಇದ್ದು, ಕೋಳಿ ಕೊಯ್ದ ತಾಯಿಗೆ ಯಾರೂ ಏನೂ ಅನ್ನಬ್ಯಾಡ್ರಿ.

ಈಗ ಡಬ್ಬಿ ಒಳಗ ಇನ್ನೊಂದು ಸಣ್ಣ ಡಬ್ಬಿ ಇಟ್ಟೀನಿ. ಹದಿನೈದು ತತ್ತಿ ಮಾರಿದ್ರ ಎರಡು ತತ್ತಿ ರೊಕ್ಕ ಅದಕ್ಕ. ಜವಾರಿ ಕೋಳಿ ವರ್ಷಕ್ಕ 60–70 ತತ್ತಿ ಇಡೋದು, ಆರು ಕೋಳಿಯಿಂದ ಭಾಳೇನೂ ಕೂಡೂದಿಲ್ಲ. ಆದ್ರ ಮುಂದ ಆಟೋ ಕರಿಯುವಾಗ ಯಾರ ಮಾರಿನೂ ನೋಡೋ ಕೆಲಸ ಇರೂದಿಲ್ಲ. ಗ್ವಾಡಿ ಬಿದ್ದ ಕಡೆ ಮನಿಯವರು ಜಾಳಗಿ ತಂತಿ ಬಿಗದಾರ, ಆ ತಂತಿ ಖರ್ಚು ಎಷ್ಟಾತು ಅಂತ ನಾ ಕೇಳಿಲ್ಲ. ಚುಕ್ಕಿ ಬೆನ್ನ ಮ್ಯಾಲ ಹೊಸ ಪುಕ್ಕದ ಮೊಳಕಿ ಬಂದಾವ, ಮುಳ್ಳುಹಂದಿ ಮರಿಯಂಗ ಕಾಣ್ತೈತಿ. ಹೊರಗ ಬಿಟ್ಟ ಮೊದಲನೇ ದಿನ ಉಳಿದ ಐದೂ ಕೂಡಿ ಅದನ್ನ ಹೊಸಬಳ ಹಂಗ ನೋಡಿ ಕುಕ್ಕಾಕ ಬಂದ್ವು. ಅದಕ್ಕ ಬುಟ್ಟಿ ಒಳಗ ಇಟ್ಟು, ಬುಟ್ಟಿ ಹಿತ್ತಲದಾಗ ಇಟ್ವಿ. ಮೂರು ದಿನ ಒಬ್ಬರಿಗೊಬ್ಬರು ನೋಡಿಕೊಂಡ ಮ್ಯಾಲ ಸುಮ್ಮನಾದ್ವು.

ಇನ್ನ ಒಂದ ಕೆಲಸದ ಮಾತು. ಕೊಕ್ಕರಿ ರೋಗ, ರಾಣಿಖೇತ್ ಅಂತಾರಲ್ಲ, ಅದು ಬಂದ್ರ ಹಸರು ಉಚ್ಚಿ, ಕುತಗಿ ತಿರುವಿ ಬೀಳೋದು, ಎರಡು ಮೂರು ದಿನದಾಗ ಬುಟ್ಟಿ ಖಾಲಿ. ಅದಕ್ಕ ಔಷಧ ಇಲ್ಲ, ಮೊದಲ ಲಸಿಕಿ ಹಾಕಿಸಬೇಕು. ಮರಿಗೆ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ದಾಟಿದ್ದಕ್ಕ ರೆಕ್ಕಿ ಬುಡಕ ಸೂಜಿ, ಎರಡೂ ಬ್ಯಾರೆ ಬ್ಯಾರೆ ಬಾಟ್ಲಿ. ಸೂಜಿ ಲಸಿಕಿ ಬಾಟ್ಲಿ 100 ಕೋಳಿದು ಬರ್ತೈತಿ. ಒಮ್ಮೆ ಕಲಸಿದ್ರ ಎರಡು ತಾಸಿನ್ಯಾಗ ಮುಗಸಬೇಕು, ಅಲ್ಲೀತನಕ ಐಸಿನ್ಯಾಗ ಇರಬೇಕು. ಆರು ಕೋಳಿಗೆ ಅಂತ ಬಾಟ್ಲಿ ಒಡದ್ರ ಉಳಿದದ್ದು ಮಣ್ಣುಪಾಲು. ಪಶು ಆಸ್ಪತ್ರಿಯವರು ಬರುವ ಸೋಮವಾರ ನಸುಕಿನ್ಯಾಗ ನಮ್ಮ ಹಿತ್ತಲಕ್ಕ ಬರ್ತೀವಿ ಅಂದಾರ. ನಮ್ಮ ಓಣ್ಯಾಗ ಎಣಿಸಿದ್ರ 63 ಅದಾವ. ಇನ್ನ 37 ಬೇಕು. ಮ್ಯಾಲಿನ ಓಣ್ಯಾವ್ರು ಆಯ್ತವಾರ ಸಂಜಿ ಒಳಗ ನಿಮ್ಮ ಎಣಿಕಿ ಹೇಳ್ರಿ. ಹಿಂದಿನ ರಾತ್ರಿನ ಬುಟ್ಟಿ ಮುಚ್ಚಿಡ್ರಿ, ಬೆಳಕು ಹರದ ಮ್ಯಾಲ ಹಿಡ್ಯಾಕ ಓಡಿದ್ರ ಸಿಗೂದಿಲ್ಲ. ಜಡ್ಡು ಇದ್ದದ್ದು, ಗಾಯ ಇದ್ದದ್ದು ತರಬ್ಯಾಡ್ರಿ. ಚುಕ್ಕಿಗೂ ಈ ಸಲ ಇಲ್ಲ, ಪೂರ್ತಿ ಮಾದ ಮ್ಯಾಲ. ಚಹಾ ನಂದು, ಸಕ್ಕರಿ ಯಾರರ ತರ್ರಿ.